ಅಪರಾಧಕ್ಕೆ ತುತ್ತಾದವರ ಆಸ್ಪತ್ರೆ ಖರ್ಚು: ಕಾಸರಗೋಡಿನಲ್ಲಿ ಸರಕಾರದ ಪರಿಹಾರ ಪಡೆಯುವ ಬಗೆ

ಇರಿತವೋ ಹೊಡೆತವೋ ಆಗಿ ಆಸ್ಪತ್ರೆ ಸೇರಿದವರ ಮನೆಯಲ್ಲಿ ಮೊದಲ ವಾರ ಯಾರೂ ಲೆಕ್ಕ ಇಡುವುದಿಲ್ಲ. ಕೈಯಲ್ಲಿದ್ದ ಬಂಗಾರ ಅಡವಿಟ್ಟು, ಸಹಕಾರಿ ಬ್ಯಾಂಕಿನಲ್ಲಿ ಸಾಲ ಮಾಡಿ ಬಿಲ್ಲು ಕಟ್ಟುತ್ತಾರೆ. ಆಮೇಲೆ ‘ಕೇಸು ಮುಗಿದ ಮೇಲೆ ನೋಡುವ’ ಎಂದು ವರ್ಷಗಟ್ಟಲೆ ಕಾಯುತ್ತಾರೆ. ಹೀಗೆ ಕಾಯಬೇಕಾಗಿಲ್ಲ. ಆರೋಪಿ ಸಿಗದಿದ್ದರೂ, ಸಿಕ್ಕಿ ಖುಲಾಸೆಯಾದರೂ ಸಂತ್ರಸ್ತರಿಗೆ ಸರಕಾರ ಪರಿಹಾರ ಕೊಡಬಹುದು ಎಂದು ಕಾನೂನೇ ಹೇಳುತ್ತದೆ. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಮು ಆಗಿತ್ತು, 2009ರ ಡಿಸೆಂಬರ್ 31ರಂದು ಜಾರಿಗೆ ಬಂತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮು ಆಗಿದೆ. ಕೇರಳದಲ್ಲಿ ಇದಕ್ಕಾಗಿ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಮೊತ್ತ ನಿರ್ಧರಿಸುವುದು ಪೊಲೀಸರಲ್ಲ, ಕಲೆಕ್ಟರರೂ ಅಲ್ಲ, ಕಾನೂನು ಸೇವಾ ಪ್ರಾಧಿಕಾರ. ಜಿಲ್ಲಾ ಪ್ರಾಧಿಕಾರದ ಕಚೇರಿ ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದಲ್ಲಿದೆ. ಜಿಲ್ಲಾ ನ್ಯಾಯಾಧೀಶರು ಅದರ ಅಧ್ಯಕ್ಷರು. ಅರ್ಜಿ ಕೊಡಬೇಕಾದದ್ದು ಕಾರ್ಯದರ್ಶಿಯವರಿಗೆ.

ಅರ್ಜಿಗೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ. ಆದರೆ ಕಾಗದ ಬೇಕು. ಗಡಿನಾಡಿನ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ: ಘಟನೆ ಕೇರಳದಲ್ಲಿ, ಚಿಕಿತ್ಸೆ ಕರ್ನಾಟಕದಲ್ಲಿ, ಎಫ್‌ಐಆರ್ ಮಲಯಾಳದಲ್ಲಿ, ಬಿಲ್ಲು ಇಂಗ್ಲಿಷಿನಲ್ಲಿ, ಮನೆಮಾತು ಕನ್ನಡವೋ ತುಳುವೋ. ಒಂದೊಂದು ಕಾಗದದಲ್ಲಿ ಒಂದೊಂದು ಹೆಸರು.

ಮೊದಲ ದಿನ: ಕ್ಯಾಶುವಾಲಿಟಿಯಲ್ಲಿ ಹೇಳುವ ಮಾತು

ಇಡೀ ಅರ್ಜಿಯ ಬುಡ ಇರುವುದು ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ಬರೆಯುವ ಒಂದೆರಡು ಸಾಲಿನಲ್ಲಿ. ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ ಆಕ್ಸಿಡೆಂಟ್ ರಿಜಿಸ್ಟರ್ ಕಮ್ ವೂಂಡ್ ಸರ್ಟಿಫಿಕೇಟ್ ಎಂಬ ಫಾರಂ ತುಂಬುತ್ತಾರೆ. ಗಾಯ ಹೇಗಾಯಿತು, ಎಲ್ಲಿ, ಎಷ್ಟು ಗಂಟೆಗೆ, ಯಾರಿಂದ ಎಂದು ಡಾಕ್ಟರರು ಕೇಳಿ ಅದರಲ್ಲಿ ಬರೆಯುತ್ತಾರೆ. ಗಂಡ ಹೊಡೆದ ಹೆಂಗಸು ಅವನೆದುರೇ ನಿಂತು ‘ಜಗಲಿಯಿಂದ ಜಾರಿ ಬಿದ್ದೆ’ ಎಂದುಬಿಟ್ಟರೆ, ಅಥವಾ ಅಣ್ಣತಮ್ಮಂದಿರ ಜಗಳದಲ್ಲಿ ಕತ್ತಿಯೇಟು ಬಿದ್ದವನು ‘ಅಡಿಕೆ ಮರದಿಂದ ಬಿದ್ದದ್ದು’ ಎಂದು ಬರೆಸಿದರೆ, ಆರು ತಿಂಗಳ ಬಳಿಕ ಪ್ರಾಧಿಕಾರದ ಮೇಜಿನ ಮೇಲೆ ಬರುವುದು ಅದೇ ಸಾಲು. ಅದನ್ನು ತಿದ್ದಿಸುವುದು ಬಹಳ ಕಷ್ಟ. ಆದ್ದರಿಂದ ಗಾಯಾಳು ಮಾತಾಡುವ ಸ್ಥಿತಿಯಲ್ಲಿದ್ದರೆ ನಿಜವನ್ನೇ ಹೇಳಲಿ. ಇಲ್ಲದಿದ್ದರೆ ಘಟನೆ ಗೊತ್ತಿರುವವರೊಬ್ಬರು ಜೊತೆಗೆ ಹೋಗಲಿ. ಮಲಯಾಳ ಬಾರದಿದ್ದರೆ ಕನ್ನಡ ಬಲ್ಲ ನರ್ಸನ್ನೋ ಅಟೆಂಡರನ್ನೋ ಕರೆಯಿರಿ. ಬರೆದದ್ದನ್ನು ಒಮ್ಮೆ ಓದಿ ಹೇಳಲು ಕೇಳುವುದರಲ್ಲಿ ತಪ್ಪೇನಿಲ್ಲ.

ಮಂಗಲ್ಪಾಡಿ ತಾಲೂಕು ಆಸ್ಪತ್ರೆಯಿಂದಾಗಲಿ, ಕಾಸರಗೋಡು ಜನರಲ್ ಆಸ್ಪತ್ರೆಯಿಂದಾಗಲಿ ಮಂಗಳೂರಿಗೆ ಕಳಿಸಿದರೆ ರೆಫರೆನ್ಸ್ ಚೀಟಿಯನ್ನು ಜೋಪಾನ ಮಾಡಿ. ಇಲ್ಲಿನ ಗಾಯಕ್ಕೂ ಅಲ್ಲಿನ ಬಿಲ್ಲಿಗೂ ನಡುವಿನ ಕೊಂಡಿ ಆ ಒಂದು ಚೀಟಿ. ಅವಸರದಲ್ಲಿ ನೇರ ಮಂಗಳೂರಿಗೇ ಹೋಗಿದ್ದರೆ ಅಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಎಂದು ದಾಖಲಿಸಿದ್ದಾರೆಯೇ ನೋಡಿ, ಅದರ ನಂಬರು ಬರೆದಿಟ್ಟುಕೊಳ್ಳಿ. ಆ ಆಸ್ಪತ್ರೆ ಸುದ್ದಿ ಕೊಡುವುದು ಮಂಗಳೂರಿನ ಪೊಲೀಸರಿಗೆ. ಅಲ್ಲಿಂದ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು ಠಾಣೆಗಳಿಗೆ ಅದು ತಾನಾಗಿ ತಲುಪುತ್ತದೆಂದು ನಂಬಿ ಕೂರಬೇಡಿ. ಮನೆಯವರೊಬ್ಬರು ಅದೇ ದಿನ ಇಲ್ಲಿನ ಠಾಣೆಗೆ ಹೋಗಲಿ.

ಅತ್ಯಾಚಾರ, ಆ್ಯಸಿಡ್ ದಾಳಿ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣಗಳಲ್ಲಿ ಮಾತು ಬೇರೆ. ಸರಕಾರಿಯಿರಲಿ ಖಾಸಗಿಯಿರಲಿ, ಯಾವ ಆಸ್ಪತ್ರೆಯೂ ಆ ಕ್ಷಣದ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು, ಪೊಲೀಸರಿಗೂ ಕೂಡಲೇ ತಿಳಿಸಬೇಕು. ಇದು ಸುರಕ್ಷಾ ಸಂಹಿತೆಯ 397ನೇ ಕಲಮು. ಕೊಡದಿದ್ದರೆ ಆಸ್ಪತ್ರೆ ನಡೆಸುವವರಿಗೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಮಿನಂತೆ ಒಂದು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಕೇಂದ್ರದ ಕಾನೂನಾದ್ದರಿಂದ ತಲಪಾಡಿ ಗಡಿ ದಾಟಿದರೂ ಇದೇ ಲಾಗೂ. ‘ಮೊದಲು ಅಡ್ವಾನ್ಸ್ ಕಟ್ಟಿ’ ಎಂದರೆ ಈ ಎರಡು ಕಲಮಿನ ನಂಬರನ್ನು ಬಾಯಿಬಿಟ್ಟು ಹೇಳಿ.

ಎಫ್‌ಐಆರ್

ಠಾಣೆಯಲ್ಲಿ ದೂರು ಕೊಟ್ಟಾಗ ಸಿಗುವ ರಶೀದಿ ಎಫ್‌ಐಆರ್ ಅಲ್ಲ. ಎಷ್ಟೋ ಜನ ರಶೀದಿಯನ್ನೇ ಇಟ್ಟುಕೊಂಡು ಕೇಸಾಗಿದೆ ಎಂದುಕೊಳ್ಳುತ್ತಾರೆ. ಕ್ರೈಂ ನಂಬರು, ವರ್ಷ, ಕಲಮು ಇರುವ ಪ್ರತಿ ಕೇಳಿ. ಅದನ್ನು ಉಚಿತವಾಗಿ ಕೊಡಬೇಕು. ಕೇರಳ ಪೊಲೀಸರ ತುಣ ಪೋರ್ಟಲಿನಲ್ಲೂ ಸಿಗುತ್ತದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳದ್ದು ಮಾತ್ರ ಅಲ್ಲಿ ಇರುವುದಿಲ್ಲ, ಠಾಣೆಯಿಂದಲೇ ತರಬೇಕು.

‘ಜಾಗ ನಮ್ಮ ಲಿಮಿಟ್ಟಿನಲ್ಲಿಲ್ಲ’ ಎಂದು ವಾಪಸು ಕಳಿಸಿದರೆ ಜೀರೋ ಎಫ್‌ಐಆರ್ ಮಾಡಲು ಹೇಳಿ. ಅಪರಾಧ ಎಲ್ಲೇ ನಡೆದಿರಲಿ, ಪೊಲೀಸರು ತಕ್ಷಣ ಕ್ರಮ ಕೈಗೊಳ್ಳಬೇಕಾದ ಬಗೆಯ ಅಪರಾಧವಾದರೆ ಮಾಹಿತಿಯನ್ನು ಯಾವ ಠಾಣೆಯೂ ದಾಖಲಿಸಿಕೊಳ್ಳಬೇಕು ಎಂದು ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಆದರೂ ಮಾಡದಿದ್ದರೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ಅಂಚೆಯ ರಶೀದಿ ಎತ್ತಿಡಿ.

ಎಫ್‌ಐಆರ್ ಮಲಯಾಳದಲ್ಲಿರುತ್ತದೆ. ಸಹಿ ಹಾಕುವ ಮೊದಲು ಓದಿಸಿ ಕೇಳಿಕೊಳ್ಳಿ, ಅದು ನಿಮ್ಮ ಹಕ್ಕು. ಮುಖ್ಯವಾಗಿ ಹೆಸರು, ತಾರೀಕು, ಜಾಗ, ಯಾವ ಅಂಗಕ್ಕೆ ಏಟು ಬಿತ್ತು ಎಂಬ ನಾಲ್ಕನ್ನು ನೋಡಿ. ಎಡಗೈ ಮುರಿದದ್ದು ಬಲಗೈ ಎಂದಾದರೆ ಡಿಸ್ಚಾರ್ಜ್ ಸಮ್ಮರಿಗೆ ತಾಳೆಯಾಗುವುದಿಲ್ಲ.

ಯಾರು ಯಾವ ದಾರಿಯಲ್ಲಿ ಹೋಗಬೇಕು

ಆರೋಪಿ ಯಾರೆಂದೇ ತಿಳಿಯದೆ ವಿಚಾರಣೆ ನಡೆಯದಿದ್ದರೆ ಸಂತ್ರಸ್ತರು, ಅವರು ತೀರಿಕೊಂಡಿದ್ದರೆ ಅವಲಂಬಿತರು, ನೇರವಾಗಿ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. 2009ಕ್ಕಿಂತ ಹಿಂದಿನ ಇಂಥ ಘಟನೆಗಳಿಗೂ ಈ ಹಕ್ಕು ಅನ್ವಯಿಸುತ್ತದೆ ಎಂದು ಕೇರಳ ಹೈಕೋರ್ಟ್ 2020ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಹಳೆಯದೆಂದು ಕೈಬಿಟ್ಟ ಪ್ರಕರಣ ಇದ್ದರೆ ಮತ್ತೆ ತೆರೆದು ನೋಡಬಹುದು.

ಆರೋಪಿ ಸಿಕ್ಕಿ ಕೇಸು ನಡೆಯುತ್ತಿದ್ದರೆ ದಾರಿ ಎರಡು ಕವಲು. ಒಂದು, ಈಗಲೇ ಬೇಕಾದ ಹಣ. ಠಾಣೆಯ ಮುಖ್ಯ ಅಧಿಕಾರಿ ಅಥವಾ ಆ ಪ್ರದೇಶದ ಮ್ಯಾಜಿಸ್ಟ್ರೇಟರು ಸರ್ಟಿಫಿಕೇಟ್ ಕೊಟ್ಟರೆ ಪ್ರಾಧಿಕಾರವು ಉಚಿತ ಚಿಕಿತ್ಸೆಗೋ ಮಧ್ಯಂತರ ಪರಿಹಾರಕ್ಕೋ ಆದೇಶ ಮಾಡಬಹುದು. ಈ ಸರ್ಟಿಫಿಕೇಟ್ ಕೇಳುವವರು ತೀರ ಕಡಿಮೆ. ಇನ್‌ಸ್ಪೆಕ್ಟರರಿಗೆ ನಾಲ್ಕು ಸಾಲಿನ ಪತ್ರ ಸಾಕು: ‘ಇಂಥ ಕ್ರೈಂ ನಂಬರಿನಲ್ಲಿ ನಾನು ಗಾಯಾಳು. ಇಂಥ ಆಸ್ಪತ್ರೆಯಲ್ಲಿದ್ದೇನೆ. ಚಿಕಿತ್ಸೆಗೆ ತುರ್ತು ನೆರವು ಬೇಕಾಗಿದೆ. ಸುರಕ್ಷಾ ಸಂಹಿತೆಯ 396ನೇ ಕಲಮಿನ 6ನೇ ಉಪಕಲಮಿನ ಪ್ರಕಾರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಸರ್ಟಿಫಿಕೇಟ್ ಕೊಡಬೇಕಾಗಿ ವಿನಂತಿ.’ ಎರಡು, ವಿಚಾರಣೆ ಮುಗಿದಾಗ ನ್ಯಾಯಾಲಯವೇ ಪ್ರಾಧಿಕಾರಕ್ಕೆ ಮಾಡುವ ಶಿಫಾರಸು. ದಂಡದ ಹಣದಿಂದ ಕೊಡಿಸಿದ್ದು ಸಾಲದಿದ್ದರೂ, ಆರೋಪಿ ಖುಲಾಸೆಯಾದರೂ ಶಿಫಾರಸು ಮಾಡಲು ಅವಕಾಶವಿದೆ. ಸಾಕ್ಷಿ ಹೇಳಲು ಹೋದ ದಿನವೇ ಸರಕಾರಿ ವಕೀಲರಿಗೆ ಬಿಲ್ಲುಗಳ ಪ್ರತಿ ಕೊಟ್ಟು ‘ಪರಿಹಾರದ ಶಿಫಾರಸು ಕೇಳಿ’ ಎನ್ನಿ. ಕೇಳದಿದ್ದರೆ ತೀರ್ಪಿನಲ್ಲಿ ಅದು ಬಿಟ್ಟುಹೋಗುವ ಸಾಧ್ಯತೆಯೇ ಹೆಚ್ಚು.

ಹೆಂಗಸರಿಗೆ ಇದಕ್ಕಿಂತ ಗಟ್ಟಿಯಾದ ದಾರಿ ಇದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಮಾಡಿದ 2018ರ ಯೋಜನೆಯನ್ನು ಸುಪ್ರೀಂ ಕೋರ್ಟ್ ಒಪ್ಪಿದೆ, ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡಬಹುದೇ ಹೊರತು ಕಡಿಮೆ ಕೊಡುವಂತಿಲ್ಲ ಎಂದೂ ಹೇಳಿದೆ. ಎಫ್‌ಐಆರ್ ಪ್ರತಿಯೊಂದಿಗೆ ನೇರವಾಗಿ ಅರ್ಜಿ ಕೊಡಬಹುದು, ಕೇಸು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಘಟನೆಯಿಂದ ಅಥವಾ ವಿಚಾರಣೆ ಮುಗಿದಂದಿನಿಂದ ಮೂರು ವರ್ಷದೊಳಗೆ ಕೊಡಬೇಕು. ಅದರ ಪಟ್ಟಿಯಲ್ಲಿ ಜೀವಹಾನಿಗೆ 5ರಿಂದ 10 ಲಕ್ಷ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ, ಪುನರ್ವಸತಿ ಬೇಕಾಗುವಂಥ ತೀವ್ರ ದೈಹಿಕ ಅಥವಾ ಮಾನಸಿಕ ಗಾಯಕ್ಕೆ 1ರಿಂದ 2 ಲಕ್ಷ, ಏಟಿನಿಂದ ಗರ್ಭ ಹೋದರೆ 2ರಿಂದ 3 ಲಕ್ಷ, ಆ್ಯಸಿಡ್‌ನಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ ಎಂದಿದೆ. ಆ್ಯಸಿಡ್ ದಾಳಿಯಲ್ಲಿ ಮೊದಲ 1 ಲಕ್ಷ ಪ್ರಾಧಿಕಾರಕ್ಕೆ ವಿಷಯ ತಿಳಿದ 15 ದಿನದೊಳಗೆ ಸಿಗಬೇಕು, ಆಮೇಲಿನ 2 ಲಕ್ಷ ಅದರ ನಂತರದ ಎರಡು ತಿಂಗಳೊಳಗೆ.

ಮಕ್ಕಳ ವಿಷಯದಲ್ಲಿ ಪೋಕ್ಸೊ ವಿಶೇಷ ನ್ಯಾಯಾಲಯವೇ ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲೂ ಮಧ್ಯಂತರ ಪರಿಹಾರ ಕೊಡಿಸಬಹುದು. ಆದೇಶ ತಲುಪಿದ 30 ದಿನದೊಳಗೆ ಸರಕಾರ ಹಣ ಕೊಡಬೇಕು ಎಂದು 2020ರ ನಿಯಮ ಹೇಳುತ್ತದೆ. ಊಟ, ಬಟ್ಟೆ, ಓಡಾಟದಂಥ ತಕ್ಷಣದ ಅಗತ್ಯಕ್ಕೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದೊಳಗೆ ಸಿಗಬೇಕು. 1098ಕ್ಕೆ ಕರೆ ಮಾಡಿದರೆ ಮುಂದಿನ ದಾರಿ ಹೇಳುತ್ತಾರೆ.

ಈ ಹೊತ್ತಿಗೆ ಗಡಿಯ ಪ್ರಶ್ನೆ ಬರುತ್ತದೆ. ಅರ್ಜಿ ಎಲ್ಲಿ ಕೊಡಬೇಕೆಂದು ನಿರ್ಧರಿಸುವುದು ಅಪರಾಧ ನಡೆದ ಜಾಗ. ಮನೆ ಎಲ್ಲಿದೆ, ಆಸ್ಪತ್ರೆ ಎಲ್ಲಿದೆ ಎಂಬುದಲ್ಲ. ಉಪ್ಪಳದವರ ಮೇಲೆ ಮಂಗಳೂರಿನಲ್ಲಿ ದಾಳಿಯಾದರೆ ದಕ್ಷಿಣ ಕನ್ನಡ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಕರ್ನಾಟಕದ 2011ರ ಯೋಜನೆಯಲ್ಲಿ. ಪುತ್ತೂರಿನವರಿಗೆ ಅಡೂರಿನಲ್ಲಿ ಪೆಟ್ಟಾದರೆ ವಿದ್ಯಾನಗರಕ್ಕೆ.

ಬಿಲ್ಲು, ಲೆಕ್ಕ, ರುಜುವಾತು

ಮೆಡಿಕಲ್ ಅಂಗಡಿಯ ಬಿಲ್ಲು ಹೆಚ್ಚಾಗಿ ಬಿಸಿ ಮುದ್ರಣದ ನುಣುಪು ಕಾಗದದಲ್ಲಿರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ, ಪ್ಲಾಸ್ಟಿಕ್ ಕವರಿನ ಶಾಖಕ್ಕೆ ಮೂರು ನಾಲ್ಕು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿಯಾಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ ಮೂಲಕ್ಕೆ ಪಿನ್ ಹೊಡೆಯಿರಿ, ಮೊಬೈಲಿನಲ್ಲೂ ಒಂದು ಫೋಟೊ ಇರಲಿ. ಬಿಲ್ಲಿನಲ್ಲಿ ರೋಗಿಯ ಹೆಸರು ಇರಲೇಬೇಕು. ಅಂಗಡಿಯವರು ಅವಸರದಲ್ಲಿ ‘ಕ್ಯಾಶ್’ ಎಂದಷ್ಟೇ ಹೊಡೆದ ಬಿಲ್ಲು ಯಾರ ಔಷಧದ್ದೆಂದು ಹೇಳುವುದಿಲ್ಲ. ಪ್ರತಿ ಬಿಲ್ಲಿನ ಹಿಂದೆ ಅದರ ಡಾಕ್ಟರ್ ಚೀಟಿ ಇರಲಿ.

ಖಾಸಗಿ ಆಸ್ಪತ್ರೆಯಲ್ಲಿ ಅಡ್ವಾನ್ಸ್ ರಶೀದಿ ಮೂರೋ ನಾಲ್ಕೋ ಇರುತ್ತವೆ, ಕೊನೆಗೆ ಫೈನಲ್ ಬಿಲ್ಲು. ಎರಡನ್ನೂ ಕೂಡಿಸಿ ಬರೆದರೆ ಒಂದೇ ಹಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ, ಅರ್ಜಿಯ ಮೇಲಿನ ನಂಬಿಕೆಯೇ ಹೋಗುತ್ತದೆ. ಫೈನಲ್ ಬಿಲ್ಲಿನ ಮೊತ್ತ ಮಾತ್ರ ಬರೆಯಿರಿ, ಅಡ್ವಾನ್ಸ್ ರಶೀದಿಗಳನ್ನು ಹಿಂದೆ ಲಗತ್ತಿಸಿ. ವಿಮೆಯಿಂದಲೋ ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಿಂದಲೋ ಪಾವತಿಯಾದ ಭಾಗವನ್ನು ಬಚ್ಚಿಡಬೇಡಿ. ಕಳೆದು ಉಳಿದದ್ದನ್ನು ತೋರಿಸಿ.

ಆಸ್ಪತ್ರೆ ಬಿಲ್ಲೊಂದೇ ಖರ್ಚಲ್ಲ. 2018ರ ಯೋಜನೆ ಮೊತ್ತ ನಿರ್ಧರಿಸುವಾಗ ಮುಂದೆ ಬೇಕಾಗುವ ಚಿಕಿತ್ಸೆ, ಕೌನ್ಸೆಲಿಂಗ್, ಅಂತ್ಯಕ್ರಿಯೆ, ತನಿಖೆ–ವಿಚಾರಣೆಗೆ ಮಾಡಿದ ಪ್ರಯಾಣ, ತಪ್ಪಿದ ಕೆಲಸ, ತಪ್ಪಿದ ಓದು ಎಲ್ಲವನ್ನೂ ನೋಡಲು ಹೇಳುತ್ತದೆ. ಜನ ಇವನ್ನು ಬರೆಯುವುದೇ ಇಲ್ಲ. ಒಂದು ನೂರು ಪುಟದ ಪುಸ್ತಕ ತೆಗೆದುಕೊಂಡು ಹೀಗೆ ಬರೆಯುತ್ತ ಹೋಗಿ: ‘ಜೂನ್ 14. ಪೆರ್ಲದಿಂದ ಮಂಗಳೂರು. ಎಲುಬಿನ ಡಾಕ್ಟರು, ಪ್ಲಾಸ್ಟರ್ ಬಿಚ್ಚಲು. ಗಾಯಾಳು ಮತ್ತು ತಾಯಿ, ಬಸ್ಸು, ಹೋಗಿ ಬರಲು ಇಷ್ಟು. ಒಪಿ ಚೀಟಿ ಲಗತ್ತು.’ ಬಸ್ಸಿನ ಟಿಕೆಟು ಕಳೆದರೂ ಅದೇ ತಾರೀಕಿನ ಒಪಿ ಚೀಟಿ ಹೋದದ್ದನ್ನು ಹೇಳುತ್ತದೆ. ಆಂಬುಲೆನ್ಸಿನವರಿಂದ ಗಾಡಿ ನಂಬರು, ಎಲ್ಲಿಂದ ಎಲ್ಲಿಗೆ, ತಾರೀಕು, ಮೊತ್ತ ಇರುವ ರಶೀದಿಯನ್ನು ಆಗಲೇ ಕೇಳಿ. ತಿಂಗಳು ಕಳೆದ ಮೇಲೆ ಕೇಳಿದರೆ ಡ್ರೈವರು ಬದಲಾಗಿರುತ್ತಾನೆ.

ಕೂಲಿಯವರಿಗೆ ಸಂಬಳ ಚೀಟಿ ಎಲ್ಲಿಂದ ಬರಬೇಕು? ಅಡಿಕೆ ಕೊಯ್ಯುವವರು, ಮದ್ದು ಬಿಡುವವರು ತೋಟದ ಧಣಿಯವರಿಂದ ದಿನಗೂಲಿ ಎಷ್ಟು, ತಿಂಗಳಿಗೆ ಸುಮಾರು ಎಷ್ಟು ದಿನ ಕೆಲಸ, ಎಂದಿನಿಂದ ಬಂದಿಲ್ಲ ಎಂದು ಬರೆಸಿ ಸಹಿ ಹಾಕಿಸಲಿ. ಬೀಡಿ ಕಟ್ಟುವವರಿಗೆ ಪಾಸ್‌ಬುಕ್ಕಿನಲ್ಲೇ ದಾಖಲೆ ಇದೆ. ಉದ್ಯೋಗ ಖಾತರಿಯವರಿಗೆ ಜಾಬ್ ಕಾರ್ಡ್. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಇಷ್ಟು ವಾರ ವಿಶ್ರಾಂತಿ’ ಎಂದು ಡಾಕ್ಟರರಿಂದ ಬರೆಸಿಕೊಳ್ಳಿ. ಅದಿಲ್ಲದೆ ಕಳೆದುಹೋದ ಕೂಲಿಯ ಲೆಕ್ಕಕ್ಕೆ ಆಧಾರವಿಲ್ಲ. ಅಂಗ ಶಾಶ್ವತವಾಗಿ ಊನವಾಗಿದ್ದರೆ ಖಾಸಗಿ ಡಾಕ್ಟರರ ಪತ್ರವೊಂದನ್ನೇ ನೆಚ್ಚಬೇಡಿ. ಸರಕಾರಿ ಆಸ್ಪತ್ರೆಯ ಮೆಡಿಕಲ್ ಬೋರ್ಡಿನಿಂದ ಶೇಕಡಾವಾರು ಬರೆದ ಸರ್ಟಿಫಿಕೇಟ್ ಪಡೆಯಿರಿ.

ಹೆಸರಿನ ಗೊಂದಲ

ಆಧಾರಿನಲ್ಲಿ ‘ಸುಂದರ ಕೆ’, ಮಂಗಳೂರಿನ ಬಿಲ್ಲಿನಲ್ಲಿ ‘ಸುಂದರ ಪೂಜಾರಿ’, ಎಫ್‌ಐಆರಿನಲ್ಲಿ ‘ಸುಂದರನ್’, ಬ್ಯಾಂಕಿನಲ್ಲಿ ‘ಕೆ. ಸುಂದರ’. ನಮ್ಮಲ್ಲಿ ಇದು ದಿನನಿತ್ಯದ ಸಂಗತಿ, ಆದರೆ ಹಣ ಖಾತೆಗೆ ಹೋಗುವ ಹೊತ್ತಿಗೆ ಇದೇ ತಡೆಯಾಗುತ್ತದೆ. ಆಸ್ಪತ್ರೆಯಲ್ಲಿ ದಾಖಲು ಮಾಡುವಾಗಲೇ ಆಧಾರ್ ತೋರಿಸಿ ಅದರಲ್ಲಿರುವಂತೆ ಬರೆಸಿ. ಆಗಲೇ ತಪ್ಪಾಗಿದ್ದರೆ ಸರಕಾರದ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದ ಮೂಲಕ ವಿಲೇಜ್ ಆಫೀಸಿನಿಂದ ಇಬ್ಬರೂ ಒಬ್ಬರೇ ಎನ್ನುವ ‘ಒನ್ ಆ್ಯಂಡ್ ಸೇಮ್’ ಸರ್ಟಿಫಿಕೇಟ್ ಪಡೆಯಿರಿ. ಅದರಲ್ಲಿ ಎಲ್ಲ ರೂಪಗಳೂ ಬರಲಿ, ಎರಡು ಬರೆದು ಮೂರನೆಯದು ಬಿಟ್ಟರೆ ಮತ್ತೆ ಅಲೆದಾಟ. ಗಾಯಾಳು ತೀರಿಕೊಂಡಿದ್ದರೆ ತಹಶೀಲ್ದಾರರ ವಾರಸು ಸರ್ಟಿಫಿಕೇಟ್ ಬೇಕಾಗುತ್ತದೆ, ಅದಕ್ಕೆ ತಿಂಗಳುಗಳೇ ಹಿಡಿಯುವುದರಿಂದ ಅದರ ಅರ್ಜಿ ಮೊದಲೇ ಹೋಗಲಿ.

ಅರ್ಜಿ ಬರೆಯುವುದು

ಫಾರಂ ಪ್ರಾಧಿಕಾರದ ಕಚೇರಿಯಲ್ಲಿ ಸಿಗುತ್ತದೆ. ಜೊತೆಗೆ ಒಂದು ಪುಟದ ಪತ್ರ ಇರಲಿ, ಕನ್ನಡದಲ್ಲೇ ಬರೆಯಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಮಾದರಿ:

‘ಕಾರ್ಯದರ್ಶಿಯವರಿಗೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ನ್ಯಾಯಾಲಯ ಸಂಕೀರ್ಣ, ವಿದ್ಯಾನಗರ, ಕಾಸರಗೋಡು. ಇಂಥ ತಾರೀಕು ಇಷ್ಟು ಗಂಟೆಗೆ ಇಂಥಲ್ಲಿ ನನ್ನ ಮೇಲೆ ಹಲ್ಲೆ ನಡೆದು ಎಡ ಮುಂಗೈಯ ಎಲುಬು ಮುರಿದಿದೆ. ಇಂಥ ಠಾಣೆಯಲ್ಲಿ ಇಂಥ ನಂಬರಿನ ಕ್ರೈಂ ದಾಖಲಾಗಿದೆ. ಇಂಥ ಆಸ್ಪತ್ರೆಗಳಲ್ಲಿ ಇಷ್ಟರಿಂದ ಇಷ್ಟರವರೆಗೆ ಚಿಕಿತ್ಸೆ ಪಡೆದಿದ್ದೇನೆ. ಈವರೆಗಿನ ಖರ್ಚಿನ ಪಟ್ಟಿ ಲಗತ್ತಿಸಿದ್ದೇನೆ. ರಾಡ್ ತೆಗೆಯುವ ಶಸ್ತ್ರಚಿಕಿತ್ಸೆ ಇನ್ನೂ ಬಾಕಿಯಿದೆ, ಅದರ ಅಂದಾಜು ಪತ್ರವೂ ಇದೆ. ಬೇರೆ ಕಡೆಯಿಂದ ಪರಿಹಾರ ಬಂದಿಲ್ಲ. ಮಧ್ಯಂತರ ಪರಿಹಾರವನ್ನೂ ಪೂರ್ಣ ಪರಿಹಾರವನ್ನೂ ಕೋರುತ್ತೇನೆ.’

ಮಧ್ಯಂತರ ಎಂಬ ಪದವನ್ನು ಬಿಡಬೇಡಿ. ಲಗತ್ತಿಸಬೇಕಾದವು: ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್, ರೆಫರೆನ್ಸ್ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು ಮತ್ತು ಅವುಗಳ ಪಟ್ಟಿ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಎರಡು ಸೆಟ್ ಮಾಡಿ, ನಿಮ್ಮ ಸೆಟ್ಟಿನ ಮೇಲೆ ಕಚೇರಿಯ ಸೀಲು ಮತ್ತು ತಾರೀಕು ಹಾಕಿಸಿ. ಮೂಲ ಕಾಗದಗಳನ್ನು ಕೊಟ್ಟುಬಿಡಬೇಡಿ, ತೋರಿಸಿ ವಾಪಸು ತನ್ನಿ.

ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಊರಿನ ಜೆರಾಕ್ಸ್ ಅಂಗಡಿಯಲ್ಲಾಗಲಿ ಅಕ್ಷಯ ಕೇಂದ್ರದಲ್ಲಾಗಲಿ ಅರ್ಜಿ ಟೈಪ್ ಮಾಡಿಸಬೇಡಿ, ವಾರ್ಡ್ ಸದಸ್ಯರ ವಾಟ್ಸ್ಆ್ಯಪ್‌ಗೂ ಕಳಿಸಬೇಡಿ. ಸಂತ್ರಸ್ತರ ಗುರುತು ಹೊರಗೆಡಹುವುದೇ ಅಪರಾಧ. ಪ್ರಾಧಿಕಾರದ ಪ್ಯಾರಾ ಲೀಗಲ್ ವಾಲಂಟಿಯರರು ಕಚೇರಿಯಲ್ಲೇ ಬರೆದುಕೊಡುತ್ತಾರೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ವಕೀಲರನ್ನೂ ಉಚಿತವಾಗಿ ಕೊಡುತ್ತಾರೆ. ವಿದ್ಯಾನಗರ ದೂರವಾದವರು ಹೊಸದುರ್ಗದ ತಾಲೂಕು ಕಾನೂನು ಸೇವಾ ಸಮಿತಿಗೂ ಹೋಗಬಹುದು. ಫೋನಿಗೆ 15100.

ಕೊಟ್ಟ ಮೇಲೆ

ಪ್ರಾಧಿಕಾರ ವಿಚಾರಣೆಯನ್ನು ಎರಡು ತಿಂಗಳಲ್ಲಿ ಮುಗಿಸಬೇಕು. ಠಾಣೆಯಿಂದಲೂ ಆಸ್ಪತ್ರೆಯಿಂದಲೂ ವರದಿ ತರಿಸುತ್ತದೆ, ತಡವಾಗುವುದು ಇಲ್ಲೇ. ಮೂರನೇ ವಾರದಲ್ಲಿ ಕಚೇರಿಗೆ ಹೋಗಿ ಯಾವ ವರದಿ ಬಾಕಿಯೆಂದು ಕೇಳಿ, ಬಾಕಿ ಇರುವ ಕಡೆಗೆ ಪತ್ರದ ಪ್ರತಿ ಹಿಡಿದು ನೀವೇ ಹೋಗಿ. ಕರೆದ ದಿನ ತಪ್ಪದೆ ಹಾಜರಾಗಿ. ಪೊಲೀಸರೊಂದಿಗೆ ಸಹಕರಿಸದೆ, ಸಾಕ್ಷಿ ಹೇಳದೆ ಹಿಂದೆ ಸರಿದರೆ ಅರ್ಜಿಗೆ ಪೆಟ್ಟು ಬೀಳುತ್ತದೆ. ಊರಿನ ಹಿರಿಯರು ಕೂಡಿ ರಾಜಿ ಮಾಡಿಸುವಾಗ ಇದನ್ನು ಯಾರೂ ಹೇಳುವುದಿಲ್ಲ.

2018ರ ಯೋಜನೆಯಲ್ಲಿ ಮೊತ್ತ ಪೂರ್ತಿಯಾಗಿ ಕೈಗೆ ಬರುವುದಿಲ್ಲ. ಶೇಕಡಾ 25 ಕೂಡಲೇ ಬಳಸಬಹುದು, 75 ಭಾಗ ಕನಿಷ್ಠ ಮೂರು ವರ್ಷ ನಿಶ್ಚಿತ ಠೇವಣಿಯಲ್ಲಿರುತ್ತದೆ, ಅದರ ಬಡ್ಡಿ ತಿಂಗಳು ತಿಂಗಳು ಖಾತೆಗೆ ಬೀಳುತ್ತದೆ. ಅಪ್ರಾಪ್ತರಿಗೆ 80 ಭಾಗ ಠೇವಣಿ. ಆಪರೇಷನ್ನಿಗೋ ಓದಿಗೋ ನಡುವೆ ಬೇಕಾದರೆ ಅಂದಾಜು ಪತ್ರವಿಟ್ಟು ಪ್ರಾಧಿಕಾರಕ್ಕೇ ಕೇಳಿಕೊಳ್ಳಬಹುದು. ಅರ್ಜಿ ತಿರಸ್ಕೃತವಾದರೆ 30 ದಿನದೊಳಗೆ ಎರ್ನಾಕುಳಂನಲ್ಲಿರುವ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಮೇಲ್ಮನವಿ. ಆದೇಶದ ಪ್ರತಿ ಕೈಸೇರಿದ ತಾರೀಕನ್ನು ಅದರ ಮೇಲೆಯೇ ಬರೆದಿಟ್ಟರೆ ದಿನ ಎಣಿಸುವಾಗ ತಕರಾರಿರುವುದಿಲ್ಲ.

ವಾಹನ ಅಪಘಾತ ಈ ದಾರಿಯಲ್ಲ, ಅದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಇದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ 2022ರ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಕೊರಗರೇ ಮೊದಲಾದ ಪರಿಶಿಷ್ಟರ ಮೇಲೆ ಜಾತಿಯ ಕಾರಣಕ್ಕೆ ದೌರ್ಜನ್ಯವಾಗಿದ್ದರೆ ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಜಿಲ್ಲಾಡಳಿತದಿಂದ ಬೇರೆಯೇ ಪರಿಹಾರವಿದೆ. ಎಫ್‌ಐಆರಿನಲ್ಲಿ ಆ ಕಾಯಿದೆಯ ಕಲಮು ಸೇರಿದೆಯೇ ಎಂದು ಮೊದಲ ದಿನವೇ ನೋಡಿ, ಸೇರಿಲ್ಲದಿದ್ದರೆ ಡಿವೈಎಸ್‌ಪಿಯವರಿಗೆ ಬರೆದುಕೊಡಿ.